ಬಂಪರ್, ಮಿರರ್ ಕವರ್‌ಗೆ ಮೆಷಿನ್ ಪಾಲಿಶ್: ಬಣ್ಣ ಸುಡದಂತೆ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಕಾರು ತೊಳೆಯುವುದು, ಪಾಲಿಶ್, ಕೋಟಿಂಗ್, ಇಷ್ಟೇ ಕೆಲಸ. ಈಗ ಆನ್‌ಲೈನ್‌ನಲ್ಲಿ ಪಾಲಿಶಿಂಗ್ ಮೆಷಿನ್ ಸಲೀಸಾಗಿ ಸಿಗುತ್ತದೆ, ಹಾಗಾಗಿ ಭಾನುವಾರ ಮನೆ ಮುಂದೆ ತಾವೇ ಮಾಡಿಕೊಳ್ಳುವವರು ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಆದರೆ ಸೋಮವಾರ ನನಗೆ ಬರುವ ಫೋಟೋಗಳಲ್ಲಿ ಬಾನೆಟ್ ಫಳಫಳ ಅನ್ನುತ್ತಿರುತ್ತದೆ, ಬಂಪರ್ ಮೂಲೆ ಮಾತ್ರ ಸುಟ್ಟಿರುತ್ತದೆ. ಅದೇ ಪ್ರಶ್ನೆಗೆ ಅದೇ ಉತ್ತರ ಎಷ್ಟು ಸಲ ಟೈಪ್ ಮಾಡಲಿ? ಎಲ್ಲ ಇಲ್ಲೇ ಬರೆದಿದ್ದೇನೆ.

ಬಾನೆಟ್‌ಗೂ ಬಂಪರ್‌ಗೂ ಒಂದೇ ಬಣ್ಣ ತಾನೇ? ಒಂದಕ್ಕೆ ಏನೂ ಆಗಲಿಲ್ಲ, ಇನ್ನೊಂದು ಯಾಕೆ ಸುಟ್ಟಿತು?

ಬಣ್ಣ ಒಂದೇ, ಕೆಳಗಿರುವುದು ಬೇರೆ. ಬಾನೆಟ್ ಕೆಳಗೆ ತಗಡು ಇದೆ. ಬಂಪರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್, ಮಿರರ್ ಕವರ್ ಹೆಚ್ಚಾಗಿ ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್. ಪ್ಯಾಡ್ ತಿರುಗಿದರೆ ಬಿಸಿ ಹುಟ್ಟೇ ಹುಟ್ಟುತ್ತದೆ. ತಗಡು ಆ ಬಿಸಿಯನ್ನು ಸುತ್ತಲೂ ಹಂಚಿಬಿಡುತ್ತದೆ, ಪ್ಲಾಸ್ಟಿಕ್ ಹಂಚುವುದಿಲ್ಲ. ರೊಟ್ಟಿ ಹಂಚನ್ನು ಒಲೆ ಮೇಲೆ ಇಟ್ಟರೆ ಅಂಚಿನವರೆಗೂ ಕಾಯುತ್ತದೆ, ಕುಕ್ಕರನ್ನು ಮಾತ್ರ ಕಪ್ಪು ಹಿಡಿಕೆ ಹಿಡಿದು ಬರಿಗೈಯಲ್ಲೇ ಇಳಿಸುತ್ತೀರಿ, ಅಲ್ವಾ? ವ್ಯತ್ಯಾಸ ಅಷ್ಟೇ. ಲೆಕ್ಕದಲ್ಲಿ ಹೇಳಿದರೆ, ಶಾಖ ಹರಿಸುವುದರಲ್ಲಿ ಉಕ್ಕಿನ ಅಂಕಿ 50ರ ಆಸುಪಾಸು ಇದ್ದರೆ ಪಾಲಿಪ್ರೊಪಿಲೀನ್‌ದು ಬರೀ 0.2ರ ಹತ್ತಿರ. ನೀವು ತಿಕ್ಕಿದ ಜಾಗದಲ್ಲೇ ಬಿಸಿ ಕೂತುಬಿಡುತ್ತದೆ, ಮತ್ತು ಅದು ಕೂರುವುದು ಬಣ್ಣದಲ್ಲಿ.

ಇನ್ನೊಂದು ಕಾರಣ ಇದೆ. ಫ್ಯಾಕ್ಟರಿಯಲ್ಲಿ ತಗಡಿನ ಬಾಡಿಯ ಬಣ್ಣವನ್ನು 140 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ಕಿಗೆ ಅಷ್ಟು ಬಿಸಿ ಕೊಟ್ಟರೆ ಅದರ ಆಕಾರವೇ ಕೆಡುತ್ತದೆ. ಅದಕ್ಕೆ ಬಂಪರನ್ನು ಹೆಚ್ಚಾಗಿ ಬೇರೆ ಲೈನಿನಲ್ಲಿ, ಕಡಿಮೆ ಬಿಸಿಯಲ್ಲಿ, ಬಗ್ಗಿದರೂ ಬಿರುಕು ಬಿಡದ ಬೇರೆ ಥರದ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹಾಕಿ ಒಣಗಿಸುತ್ತಾರೆ. ನೋಡಲು ಒಂದೇ ಬಣ್ಣ, ಗುಣ ಒಂದೇ ಅಲ್ಲ. ಬಾನೆಟ್ ಮೇಲೆ ಚೆನ್ನಾಗಿ ಕೆಲಸ ಮಾಡಿದ ಕಾಂಪೌಂಡ್ (ಗೀರು ತೆಗೆಯುವ ಒರಟು ಪಾಲಿಶ್) ಬಂಪರ್ ಮೇಲೆ ಮಬ್ಬು ಬಿಡುವುದು ಎಷ್ಟೋ ಸಲ ಇದಕ್ಕೇ.

ನನ್ನ ಕಾರಿನಲ್ಲಿ ಯಾವುದು ಪ್ಲಾಸ್ಟಿಕ್ ಅಂತ ಗೊತ್ತಾಗುವುದು ಹೇಗೆ?

ಫ್ರಿಜ್ ಮೇಲಿನ ಮ್ಯಾಗ್ನೆಟ್ ತನ್ನಿ. ಬಟ್ಟೆ ಸುತ್ತಿ ಇಡಿ, ಇಲ್ಲದಿದ್ದರೆ ಅದೇ ಒಂದು ಗೀರು. ಹಿಡಿದರೆ ತಗಡು. ಹಿಡಿಯದಿದ್ದರೆ ಪ್ಲಾಸ್ಟಿಕ್ ಇರಬಹುದು, ಅಲ್ಯೂಮಿನಿಯಂ ಕೂಡ ಇರಬಹುದು, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಬಂಪರ್, ಮಿರರ್ ಕವರ್, ಸ್ಪಾಯ್ಲರ್, ಡೋರ್ ಹ್ಯಾಂಡಲ್ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್, ಅದನ್ನು ಮರೆಯುವವರೇ ಜಾಸ್ತಿ.

ಬಣ್ಣದ ದಪ್ಪ ಅಳೆಯುವ ಮೀಟರ್ ತಗೊಂಡಿದ್ದೇನೆ. ಬಂಪರ್ ಮೇಲೆ ಏನೂ ತೋರಿಸುತ್ತಿಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ. ಸಾಮಾನ್ಯ ಮೀಟರ್ ಕೆಲಸ ಮಾಡುವುದು ಕೆಳಗೆ ಲೋಹ ಇದ್ದರೆ ಮಾತ್ರ. ಪ್ಲಾಸ್ಟಿಕ್ಕಿಗೆ ಅಲ್ಟ್ರಾಸೋನಿಕ್ ಮೀಟರ್ ಬೇಕು, ಅದು ದುಬಾರಿ. ಮನೆಯಲ್ಲಿ ಒಂದು ಕಾರು ಪಾಲಿಶ್ ಮಾಡಲು ಅದನ್ನು ಕೊಳ್ಳಿ ಅಂತ ನಾನಂತೂ ಹೇಳಲ್ಲ.

ಆದರೆ ಇದರ ಅರ್ಥ ಏನು? ಬಾನೆಟ್ ಮೇಲೆ ನಿಮಗೆ ಕಣ್ಣಿದೆ, ಬಂಪರ್ ಮೇಲೆ ಕಣ್ಣು ಕಟ್ಟಿ ಬಿಟ್ಟ ಹಾಗೆ. ಕ್ಲಿಯರ್ ಕೋಟ್ ಇರುವುದೇ ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲು ಅದಕ್ಕಿಂತ ದಪ್ಪ ಇರುತ್ತದೆ. ಮೂಲೆ, ಏಣು, ಸೆನ್ಸರ್ ತೂತಿನ ಅಂಚಿನಲ್ಲಿ ಅಷ್ಟೂ ಇರುವುದಿಲ್ಲ, ಯಾಕೆಂದರೆ ಹಸಿ ಬಣ್ಣ ಅಂಚಿನಿಂದ ಹಿಂದೆ ಸರಿದುಕೊಳ್ಳುತ್ತದೆ. ಅಳೆಯಲು ಆಗದ ಕಡೆ ಬಣ್ಣ ಕಡಿಮೆಯೇ ಇದೆ ಅಂದುಕೊಂಡು ಕೈ ಹಾಕಿ.

ಸುಡುತ್ತಿದೆ ಅಂತ ಮೊದಲೇ ಗೊತ್ತಾಗುತ್ತದಾ?

ಸೂಚನೆ ಬರುತ್ತದೆ, ಆದರೆ ತುಂಬ ಹೊತ್ತು ಕಾಯುವುದಿಲ್ಲ. ನನ್ನದೇ ಕಥೆ ಕೇಳಿ.

ಶುರುವಿನ ದಿನಗಳು. ಕಾರು ಗಿರಾಕಿದಲ್ಲ, ಪುಣ್ಯಕ್ಕೆ ನನ್ನದೇ, ಹಳೆಯ ಕೆಂಪು ಹ್ಯಾಚ್‌ಬ್ಯಾಕ್. ಬಾಡಿಯೆಲ್ಲ ಮುಗಿದಿತ್ತು. ಸಂಜೆಯಾಗಿತ್ತು, ಚಹಾಕ್ಕೆ ಕರೆಯುತ್ತಿದ್ದರು. ಎಡಗಡೆ ಮಿರರ್ ಕವರ್ ಒಂದು ಉಳಿದಿತ್ತು. ಕೈಯಲ್ಲಿ ರೋಟರಿ ಮೆಷಿನ್ ಇತ್ತು, ಅದಕ್ಕೆ 6 ಇಂಚಿನ ಹಳದಿ ಪ್ಯಾಡ್. ಬದಲಾಯಿಸಲು ಸೋಮಾರಿತನ. ಹಾಗೇ ಇಟ್ಟೆ. ಹತ್ತು ಸೆಕೆಂಡ್ ಆಗಿರಬಹುದು, ಪ್ಲಾಸ್ಟಿಕ್ ಕಾದ ವಾಸನೆ ಬಂತು. ಎತ್ತಿ ನೋಡಿದರೆ ಹಳದಿ ಪ್ಯಾಡ್ ಮೇಲೆ ಕುಂಕುಮ ಎಳೆದ ಹಾಗೆ ಒಂದು ಗೆರೆ. ಕವರಿನ ಮೇಲಿನ ಏಣಿನಲ್ಲಿ ಭತ್ತದ ಕಾಳಿನಷ್ಟು ಜಾಗ ಮಂಕಾಗಿತ್ತು, ಅದರ ಸುತ್ತ ಬಣ್ಣ ಕಾಸಿದ ಹಾಲಿನ ಕೆನೆ ಥರ ಸುಕ್ಕಾಗಿತ್ತು. ಬೆರಳಿಟ್ಟೆ, ಇನ್ನೂ ಮೆತ್ತಗಿತ್ತು. ಬೆರಳಚ್ಚು ಹಾಗೇ ಉಳಿಯಿತು. ಆ ಕವರ್ ಈಗಲೂ ಶೆಡ್ಡಿನ ಗೋಡೆಗೆ ನೇತು ಹಾಕಿದ್ದೇನೆ, ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ದಿನ ಅದನ್ನೇ ತೋರಿಸುವುದು.

ಇದರಲ್ಲೇ ಎಲ್ಲ ಸೂಚನೆ ಇವೆ. ವಾಸನೆ. ಪಾಲಿಶ್ ಬೇಗ ಒಣಗಿ ಅಂಟಂಟಾಗುವುದು. ಪ್ಯಾಡ್ ಜಾರದೆ ಹಿಡಿಯುವುದು. ಹೊಳಪು ಬರುವ ಬದಲು ಹೋಗುವುದು. ಕೊನೆಯದು ಪ್ಯಾಡಿನ ಮೇಲೆ ಕಾರಿನ ಬಣ್ಣ: ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಅದು ಬಂತು ಅಂದರೆ ಕ್ಲಿಯರ್ ಮುಗಿದಿದೆ, ನೀವು ಕೆಳಗಿನ ಬಣ್ಣದಲ್ಲಿದ್ದೀರಿ. ಕ್ಲಿಯರ್ ಇಲ್ಲದ ಹಳೆಯ ಕಾಲದ ಬಣ್ಣವಾದರೆ ಪ್ಯಾಡಿಗೆ ಹತ್ತುವುದು ಸಹಜ, ಅಲ್ಲಿ ಗಾಬರಿ ಬೇಡ.

ರೋಟರಿ ಒಳ್ಳೆಯದಾ, ಡಿಎ ಒಳ್ಳೆಯದಾ?

ಪ್ಲಾಸ್ಟಿಕ್ಕಿಗೆ ಡಿಎ, ಅಂದರೆ ಡ್ಯುಯಲ್ ಆಕ್ಷನ್ ಮೆಷಿನ್. ರೋಟರಿ ಒಂದೇ ಕಡೆ ಗಿರ್ರನೆ ತಿರುಗುತ್ತದೆ, ಡಿಎ ತಿರುಗುತ್ತಲೇ ಅಲುಗಾಡುತ್ತದೆ, ಹಾಗಾಗಿ ಬಿಸಿ ಒಂದೇ ಚುಕ್ಕೆಯಲ್ಲಿ ಬೇಗ ಏರುವುದಿಲ್ಲ. ಏರುವುದೇ ಇಲ್ಲ ಅಂತಲ್ಲ. ಡಿಎ ಇದೆ ಅಂತ ಧೈರ್ಯವಾಗಿ ಒಂದೇ ಕಡೆ ಒತ್ತಿ ನಿಂತವರೂ ಸುಟ್ಟಿದ್ದಾರೆ.

ಮೆಷಿನ್‌ಗಿಂತ ಪ್ಯಾಡಿನ ಅಳತೆ ಮುಖ್ಯ ಅನ್ನುವುದು ನನ್ನ ಅನುಭವ. ಬಂಪರಿನ ಅಗಲ ಜಾಗಕ್ಕೆ 5 ಇಂಚು ನಡೆಯುತ್ತದೆ. ಫಾಗ್ ಲ್ಯಾಂಪ್ ಸುತ್ತ, ನಂಬರ್ ಪ್ಲೇಟ್ ತಗ್ಗು, ಮಿರರ್ ಕವರ್, ಇಲ್ಲೆಲ್ಲ 3 ಇಂಚು ಅಥವಾ ಅದಕ್ಕಿಂತ ಚಿಕ್ಕದು. ದೊಡ್ಡ ಪ್ಯಾಡ್ ಉಬ್ಬಿನ ಮೇಲೆ ಪೂರ್ತಿ ಕೂರುವುದಿಲ್ಲ, ಅದರ ಅಂಚು ಮಾತ್ರ ತಾಗುತ್ತದೆ. ಜೋರಾಗಿ ಓಡುವುದೂ ಆ ಅಂಚೇ.

ಫೋಮ್ ಪ್ಯಾಡ್‌ನಲ್ಲೇ ಶುರು ಮಾಡಿ. ಮೈಕ್ರೋಫೈಬರ್ ಕಟಿಂಗ್ ಪ್ಯಾಡ್ ಬೇಗ ಕತ್ತರಿಸುತ್ತದೆ, ಬೇಗ ಕಾಯುತ್ತದೆ ಕೂಡ.

ಸ್ಪೀಡ್ ಎಷ್ಟು? ಎಷ್ಟು ಒತ್ತಬೇಕು?

ಡಿಎಯಲ್ಲಿ 1ರಿಂದ 6ರವರೆಗೆ ಡಯಲ್ ಇದ್ದರೆ, 1ರಲ್ಲಿ ಪಾಲಿಶ್ ಹರಡಿ, 3ರಲ್ಲಿ ಕೆಲಸ ಮಾಡಿ. 4 ದಾಟಿಸುವ ಅಗತ್ಯ ಪ್ಲಾಸ್ಟಿಕ್ ಮೇಲೆ ನನಗೆ ಬಂದಿದ್ದು ಕಡಿಮೆ. ರೋಟರಿಯೇ ಗತಿ ಅನ್ನುವವರು 600ರಿಂದ 1000 ಆರ್‌ಪಿಎಂ ಒಳಗೆ ಇರಲಿ.

ಒತ್ತುವುದು? ಮೆಷಿನ್ನಿನ ತೂಕ ಸಾಕು, ಕೆಲವು ಕಡೆ ಅದನ್ನೂ ಸ್ವಲ್ಪ ಎತ್ತಿ ಹಿಡಿಯಬೇಕು. ಬಂಪರಿನ ನಡುವೆ ಹಿಂದೆ ಆಸರೆ ಇರುವುದಿಲ್ಲ, ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ಹೀಗೆ ಬಗ್ಗುವಾಗ ಕಾದ ಬಣ್ಣಕ್ಕೆ ಕೂದಲೆಳೆ ಬಿರುಕು ಬೀಳಬಹುದು, ಅದರಲ್ಲೂ ಹಿಂದೆ ಎಲ್ಲಾದರೂ ಗುದ್ದಿ ರಿಪೇರಿ ಆದ ಬಂಪರ್ ಆದರೆ. ಡಿಎ ಪ್ಯಾಡ್ ತಿರುಗದೆ ನಿಂತರೆ ಸ್ಪೀಡ್ ಏರಿಸಬೇಡಿ. ಪ್ಯಾಡ್ ಓರೆಯಾಗಿದೆ ಇಲ್ಲವೇ ಜಾಸ್ತಿ ಒತ್ತುತ್ತಿದ್ದೀರಿ. ಅದನ್ನು ಸರಿ ಮಾಡಿ. ಪ್ಯಾಡಿನ ಹಿಂಬದಿಯ ಪ್ಲೇಟಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟರೆ ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಒಂದು ಅಡಿ ಚೌಕದ ಜಾಗ ತಗೊಳ್ಳಿ. ನಿಧಾನ, ಸೆಕೆಂಡಿಗೆ 3-4 ಸೆಂಟಿಮೀಟರ್. ಎರಡು ಸುತ್ತು ಆದ ಮೇಲೆ ಮೆಷಿನ್ ಎತ್ತಿ ಅಂಗೈಯ ಹಿಂಬದಿ ಇಡಿ. ಬೆಚ್ಚಗಿದ್ದರೆ ಸರಿ. ಕೈ ತಾನಾಗಿ ಹಿಂದೆ ಬಂದರೆ ಆ ಜಾಗ ಬಿಟ್ಟು ಬಂಪರಿನ ಇನ್ನೊಂದು ತುದಿಗೆ ಹೋಗಿ, ಇದು ಆರಲಿ. ನೀರು ಹಾಕಿ ಆರಿಸುವ ಆತುರ ಬೇಡ. ನಾನು ಇನ್‌ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಶುರುವಿಗೆ ಎಷ್ಟಿತ್ತೋ ಅದಕ್ಕಿಂತ 10 ಡಿಗ್ರಿ ಏರಿದರೆ ನಿಲ್ಲಿಸುತ್ತೇನೆ, 50 ಅಂತೂ ದಾಟಿಸುವುದಿಲ್ಲ. ಇದು ನನ್ನ ಶೆಡ್ಡಿನ ನಿಯಮ, ಶಾಸ್ತ್ರ ಅಲ್ಲ.

ಹಾಗಾದರೆ ನಮ್ಮ ಬೇಸಿಗೆಯಲ್ಲಿ ಪಾಲಿಶ್ ಮಾಡಲೇ ಬಾರದಾ?

ಮಾಡಬಹುದು, ಹೊತ್ತು ನೋಡಿಕೊಳ್ಳಿ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್-ಮೇ ಅಂದರೆ 40 ದಾಟುವುದು ಹೊಸ ಸುದ್ದಿಯೇನಲ್ಲ. ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಬಂಪರಿಗೆ ಕೈ ಇಡಲು ಆಗುವುದಿಲ್ಲ. ಅಲ್ಲಿಂದ ಶುರು ಮಾಡಿದರೆ ಮೆಷಿನ್ ಏರಿಸಲು ಉಳಿದಿರುವುದೇ ಎಷ್ಟು? ನಾನು ಬೇಸಿಗೆಯಲ್ಲಿ ಬೆಳಿಗ್ಗೆ 6ಕ್ಕೆ ಶುರು ಮಾಡಿ 9ಕ್ಕೆ ಮೆಷಿನ್ ಕೆಳಗಿಡುತ್ತೇನೆ. ಕಾರನ್ನು ರಾತ್ರಿಯೇ ನೆರಳಿಗೆ ತಂದು ನಿಲ್ಲಿಸಿರಬೇಕು. ತಗಡಿನ ಶೀಟ್ ಹೊದಿಸಿದ ಶೆಡ್ ಮಧ್ಯಾಹ್ನ ನೆರಳಲ್ಲ, ಒಲೆ.

ಕೆಂಪು ಧೂಳಿನ ಊರಲ್ಲಿ ಬೇರೆ ಏನಾದರೂ ಜಾಗ್ರತೆ ಬೇಕಾ?

ಇದನ್ನು ಕೇಳಿದವರಿಗೆ ಒಂದು ಚಹಾ ಕೊಡಿಸಬೇಕು, ಯಾಕೆಂದರೆ ಯಾರೂ ಕೇಳುವುದಿಲ್ಲ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಓಡಾಡುವ ಕಾರಿನ ಮೇಲೆ ಕೂರುವ ಕೆಂಪು ಧೂಳು ಬರೀ ಮಣ್ಣಲ್ಲ, ಅದರಲ್ಲಿ ಹೆಮಟೈಟ್ ಅದಿರು ಇರುತ್ತದೆ. ಮೋಸ್ ಅಳತೆಯಲ್ಲಿ ಅದರ ಗಡಸುತನ 5.5ರಿಂದ 6.5, ಅಂದರೆ ಕಿಟಕಿ ಗಾಜಿನ ಲೆಕ್ಕ. ಅದರ ಮುಂದೆ ನಿಮ್ಮ ಕ್ಲಿಯರ್ ಕೋಟ್ ಬೆಣ್ಣೆ. ಪ್ಯಾಡ್ ಕೆಳಗೆ ನಾಲ್ಕು ಕಣ ಸಿಕ್ಕರೂ ನೀವು ಪಾಲಿಶ್ ಮಾಡುತ್ತಿಲ್ಲ, ಮರಳು ಕಾಗದ ತಿಕ್ಕುತ್ತಿದ್ದೀರಿ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಹಾರುವ ಬೂದಿ ಇರುವಲ್ಲೂ ಇದೇ ಮಾತು.

ಇನ್ನು ಪ್ಲಾಸ್ಟಿಕ್ಕಿಗೆ ಒಂದು ಕೆಟ್ಟ ಚಾಳಿ ಇದೆ. ಒಣ ಬಟ್ಟೆಯಲ್ಲಿ ಒರೆಸಿದರೆ, ಬಾಚಣಿಗೆ ಕಾಗದದ ಚೂರು ಎಳೆದ ಹಾಗೆ ಧೂಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ನೀವು ಒರೆಸಿ, ಪ್ಯಾಡಿಗೆ ಪಾಲಿಶ್ ಹಾಕಿ ತಿರುಗುವಷ್ಟರಲ್ಲಿ ಮತ್ತೆ ಧೂಳು ಕೂತಿರುತ್ತದೆ. ಅದಕ್ಕೆ ಮೊದಲು ಒತ್ತಡದ ನೀರು, ಆಮೇಲೆ ಶಾಂಪೂ ನೊರೆ, ಆಮೇಲೆ ಎರಡು ಬಕೆಟ್ ಪದ್ಧತಿ (ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು). ಹಿಂದಿನ ಬಂಪರಿನ ಕೆಳಭಾಗದಲ್ಲಿ ಗಟ್ಟಿಯಾಗಿ ಕೂತ ಕಣಗಳಿಗೆ ನೇರಳೆ ಬಣ್ಣಕ್ಕೆ ತಿರುಗುವ ಐರನ್ ರಿಮೂವರ್ ಹಾಕಿ, ತೊಳೆದು, ಕೊನೆಗೆ ಕ್ಲೇ (ಅಂಟಿದ ಕಣ ಎತ್ತುವ ಜೇಡಿಯಂಥ ಮೆತ್ತನೆ ಉಂಡೆ) ಸವರಿ. ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಂಪರ್ ಮೇಲೆ ಸವರಿ ನೋಡಿ, ರವೆ ಥರ ತಾಗಿದರೆ ಇನ್ನೂ ಆಗಿಲ್ಲ. ಪಾಲಿಶ್ ಶುರು ಮಾಡುವ ಮುಂಚೆ ಒದ್ದೆ ಮೈಕ್ರೋಫೈಬರ್‌ನಿಂದ ಒಂದು ಸಲ ಒರೆಸಿ, ಒಣ ಬಟ್ಟೆ ಬೇಡ.

ಬೋರ್ ನೀರಿನ ಬಿಳಿ ಕಲೆಗಳು ಬಂಪರ್ ತುಂಬ ಇವೆ. ಪಾಲಿಶ್ ಮಾಡಿದರೆ ಹೋಗುತ್ತವಾ?

ಮೊದಲು ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಅರ್ಧ ನಿಮಿಷ ಇಟ್ಟು, ಚೆನ್ನಾಗಿ ತೊಳೆಯಿರಿ. ಅರ್ಧ ಕಲೆ ಅಲ್ಲೇ ಹೋಗುತ್ತದೆ. ಸುಣ್ಣ ತೆಗೆಯಲು ಕ್ಲಿಯರ್ ಕೋಟ್ ಯಾಕೆ ಸವೆಸಬೇಕು?

ಟೇಪ್ ಹಚ್ಚಲೇಬೇಕಾ? ಟೈಮ್ ವೇಸ್ಟ್ ಅನ್ನಿಸುತ್ತದೆ.

ಹಚ್ಚಿ. ಏಣುಗಳು, ಪ್ಯಾನೆಲ್ ಅಂಚು, ಪಾರ್ಕಿಂಗ್ ಸೆನ್ಸರ್, ಲೋಗೋ, ಮತ್ತು ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್. ಕಪ್ಪು ದೊರಗು ಪ್ಲಾಸ್ಟಿಕ್ಕಿಗೆ ಪಾಲಿಶ್ ಮೆತ್ತಿ ಒಣಗಿತು ಅಂದರೆ ಹಲ್ಲುಜ್ಜುವ ಬ್ರಶ್ ಹಿಡಿದು ಅರ್ಧ ದಿನ ಕೂರಬೇಕು. ಟೇಪ್ ಹಚ್ಚಲು ಹತ್ತು ನಿಮಿಷ ಸಾಕು. ಯಾವುದು ಟೈಮ್ ವೇಸ್ಟ್?

ಪೇಂಟ್ ಕೆಲಸಕ್ಕೆ ಬಳಸುವ, ಮೆತ್ತಗೆ ಅಂಟುವ ಮಾಸ್ಕಿಂಗ್ ಟೇಪ್ ತನ್ನಿ. ಪಾರ್ಸೆಲ್ ಟೇಪ್ ಹಚ್ಚಿ ಬಣ್ಣ ಕಿತ್ತುಕೊಂಡು ಬಂದವರಿದ್ದಾರೆ. ಬಿಸಿಲಲ್ಲಿ ತಾಸುಗಟ್ಟಲೆ ಬಿಡಬೇಡಿ. ತೆಗೆಯುವಾಗ ಟೇಪನ್ನು ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಟೇಪ್ ಕೆಳಗೆ ಉಳಿದ ಗೆರೆಯನ್ನು ಕೊನೆಯಲ್ಲಿ ಕೈಯಿಂದಲೇ ಎರಡು ಸಲ ತಿಕ್ಕಿ.

ಬಂಪರ್ ರೀಪೇಂಟ್ ಆಗಿದೆ. ಮಾಡಬಹುದಾ?

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನನಗೆ ಬರುವ ಕೆಟ್ಟ ಕೇಸುಗಳಲ್ಲಿ ಹೆಚ್ಚಿನವು ಇವೇ. ಪಾಲಿಪ್ರೊಪಿಲೀನ್‌ಗೆ ಬಣ್ಣ ಸುಲಭವಾಗಿ ಅಂಟುವುದಿಲ್ಲ. ಅದಕ್ಕೆ ಮೊದಲು ಅಢೀಶನ್ ಪ್ರೊಮೋಟರ್ ಅನ್ನುವ ಪದರ ಹೊಡೆಯಬೇಕು. ಕೆಲಸ ಬೇಗ ಮುಗಿಸುವ ಆತುರದಲ್ಲಿ ಕೆಲವರು ಅದನ್ನು ಬಿಡುತ್ತಾರೆ, ಅಥವಾ ಹಳೆಯ ಮೇಣ, ಎಣ್ಣೆ ಸರಿಯಾಗಿ ತೆಗೆಯದೆ ಹೊಡೆಯುತ್ತಾರೆ. ನೋಡಲು ಚೆನ್ನಾಗೇ ಇರುತ್ತದೆ. ನೀವು ಪ್ಯಾಡ್ ಇಟ್ಟು ಬಿಸಿ ಮಾಡಿದಾಗ ಪದರ ಮೇಲೇಳುತ್ತದೆ, ಈರುಳ್ಳಿ ಸಿಪ್ಪೆ ಥರ ಬರುತ್ತದೆ. ಆಗ ಬೈಗುಳ ಪಾಲಿಶ್ ಮಾಡಿದವನಿಗೆ.

ಹಿಂದಿನ ವರ್ಷ ಒಬ್ಬರು ಗಂಗಾವತಿಯಿಂದ ಬಂದಿದ್ದರು. ‘ಅಣ್ಣ, ಬಂಪರ್ ಒಂದ ಸ್ವಲ್ಪ ತಿಕ್ಕಿ ಕೊಡ್ರಿ, ಮದುವಿಗೆ ಹೋಗಬೇಕು’ ಅಂದರು. ರೀಪೇಂಟ್ ಆಗಿದೆಯಾ ಅಂದರೆ ‘ಇಲ್ಲ, ಕಂಪನೀದು’ ಅಂದರು. ಬಂಪರ್ ಒಳಅಂಚಿಗೆ ಟಾರ್ಚ್ ಬಿಟ್ಟು ನೋಡಿದೆ. ಮಾಸ್ಕಿಂಗ್ ಟೇಪಿನ ಗೆರೆ, ಅದರ ಪಕ್ಕ ಬಣ್ಣದ ತುಂತುರು. ಸೆಕೆಂಡ್ ಹ್ಯಾಂಡ್ ಕಾರು, ಪಾಪ, ಅವರಿಗೇ ಗೊತ್ತಿರಲಿಲ್ಲ. ನೀವೂ ಹಾಗೇ ನೋಡಿ: ಒಳಅಂಚು, ವೀಲ್ ಆರ್ಚ್ ಕಡೆಯ ಮೂಲೆ, ಸ್ಕ್ರೂ ಇರುವ ಜಾಗ. ಬಣ್ಣದೊಳಗೆ ಧೂಳಿನ ಕಣ, ಕಿತ್ತಳೆ ಸಿಪ್ಪೆಯ ಥರದ ಮೈ, ಫೆಂಡರಿಗೂ ಬಂಪರಿಗೂ ಬಣ್ಣದಲ್ಲಿ ಸ್ವಲ್ಪ ಹೆಚ್ಚುಕಮ್ಮಿ, ಇವೆಲ್ಲ ಸುಳಿವು. ಬಣ್ಣದ ಹೆಚ್ಚುಕಮ್ಮಿ ಮಾತ್ರ ಕಂಪನಿ ಬಂಪರಿನಲ್ಲೂ ಇರುತ್ತದೆ, ಅದೊಂದನ್ನೇ ನಂಬಬೇಡಿ.

ರೀಪೇಂಟ್ ಅಂತ ಖಾತ್ರಿಯಾದರೆ ಹೀಗೆ ಮಾಡಿ. ಹೊಸದಾಗಿ ಹೊಡೆಸಿದ್ದರೆ ಕನಿಷ್ಠ 30 ದಿನ ಬಿಡಿ. ಪೇಂಟ್ ಹೊಡೆದವರು ಬೂತಿನಲ್ಲಿ ಬೇಯಿಸಿದ್ದಾರೆ ಅಂದರೆ ಅವರನ್ನೇ ಕೇಳಿ. ಎಲ್ಲಾದರೂ ಕಲ್ಲು ತಾಗಿ ಚಕ್ಕೆ ಎದ್ದಿದ್ದರೆ, ಹೆದ್ದಾರಿ 67ರಲ್ಲಿ ಅದಿರು ಲಾರಿ ಹಿಂದೆ ಹೋದ ಯಾವ ಬಂಪರಿಗೆ ಅದು ಇಲ್ಲ ಹೇಳಿ, ಆ ಚಕ್ಕೆಯ ಅಂಚಿನ ಮೇಲೆ ಪ್ಯಾಡ್ ಹಾಯಿಸಬೇಡಿ. ಅಲ್ಲಿ ಹಿಡಿದರೆ ಪೂರ್ತಿ ಎದ್ದು ಬರುತ್ತದೆ. ಟೇಪ್ ಕೂಡ ಅಲ್ಲಿ ಹಚ್ಚಬೇಡಿ. ಕಣ್ಣಿಗೆ ಬೀಳದ ಕೆಳಮೂಲೆಯಲ್ಲಿ ಮೆತ್ತನೆ ಪ್ಯಾಡ್, ನಯವಾದ ಪಾಲಿಶ್ ಹಾಕಿ ಒಂದು ಸಲ ನೋಡಿ. ಅನುಮಾನ ಬಂದರೆ ಕೈಯಿಂದ ಮಾಡಿ, ಮೆಷಿನ್ ಬೇಡ.

ಗೀರು ಪೂರ್ತಿ ಹೋಗುತ್ತಿಲ್ಲ. ಇನ್ನೊಂದೆರಡು ಸಲ ಹೊಡೆಯಲಾ?

ಉಗುರು ಅಡ್ಡ ಎಳೆಯಿರಿ. ಸಿಕ್ಕಿಕೊಂಡರೆ ಅದು ಪಾಲಿಶ್‌ನಿಂದ ಹೋಗುವ ಗೀರಲ್ಲ, ಬಿಟ್ಟುಬಿಡಿ. ಎಷ್ಟೋ ‘ಗೀರು’ಗಳು ಗೀರೇ ಅಲ್ಲ, ಗೋಡೆಯ ಸುಣ್ಣ ಇಲ್ಲವೇ ಪಕ್ಕದ ಬೈಕಿನ ಬಣ್ಣ ಮೆತ್ತಿಕೊಂಡಿರುತ್ತದೆ. ಟಾರ್ ರಿಮೂವರ್ ಹಾಕಿ ಒರೆಸಿದರೆ ಎಷ್ಟೋ ಸಲ ಹೋಗುತ್ತದೆ. ಥಿನ್ನರ್ ಮಾತ್ರ ತರಬೇಡಿ, ರೀಪೇಂಟ್ ಆದ ಬಂಪರ್ ಆದರಂತೂ ಬಣ್ಣವೇ ಕರಗಿ ಬರುತ್ತದೆ.

ನಾನು ಬಂಪರಿನಲ್ಲಿ ನೂರಕ್ಕೆ ಎಪ್ಪತ್ತು ಹೊಳಪು ಬಂದರೆ ಮೆಷಿನ್ ಇಡುತ್ತೇನೆ. ಬಾನೆಟ್ ಮೇಲೆ ನಾಲ್ಕು ಜನ ಬಗ್ಗಿ ಮುಖ ನೋಡಿಕೊಳ್ಳುತ್ತಾರೆ, ಬಂಪರಿನ ಕೆಳಗೆ ಯಾರು ಬಗ್ಗುತ್ತಾರೆ?

ಪಾಲಿಶ್ ಆದ ಮೇಲೆ ಬಿಸಿಲಲ್ಲಿ ಮಬ್ಬು ಮಬ್ಬು ಗೆರೆ ಕಾಣುತ್ತವೆ. ಸುಟ್ಟಿತಾ?

ಹೆಚ್ಚಾಗಿ ಇಲ್ಲ. ಗಡಸು ಪ್ಯಾಡ್ ಅಥವಾ ಒರಟು ಕಾಂಪೌಂಡ್ ಬಿಟ್ಟ ಗುರುತು. ಮೆತ್ತನೆ ಫೋಮ್ ಮತ್ತು ಫಿನಿಶಿಂಗ್ ಪಾಲಿಶ್‌ನಲ್ಲಿ ಹಗುರವಾಗಿ ಒಂದು ಸಲ ಹೋಗಿ. ನೀರು ಬೆರೆಸಿದ ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ ಆಮೇಲೆ ನೋಡಿ, ಪಾಲಿಶ್‌ನ ಎಣ್ಣೆ ಮುಚ್ಚಿಟ್ಟ ಗೆರೆ ಆಗ ಬಯಲಾಗುತ್ತದೆ.

ಡೋರ್ ಪಿಲ್ಲರ್ ಮೇಲಿನ ಹೊಳೆಯುವ ಕಪ್ಪು ಪಟ್ಟಿ?

ಪಿಯಾನೋ ಬ್ಲ್ಯಾಕ್. ಎಷ್ಟೋ ಕಾರುಗಳಲ್ಲಿ ಅದರ ಮೇಲೆ ಕ್ಲಿಯರ್ ಇರುವುದಿಲ್ಲ, ಬರೀ ಬಣ್ಣದ ಪ್ಲಾಸ್ಟಿಕ್. ನೋಡಿದರೆ ಗೀರುತ್ತದೆ ಅನ್ನುವಷ್ಟು ಮೆತ್ತಗೆ. ಅತಿ ಮೆತ್ತನೆಯ ಪ್ಯಾಡ್, ಫಿನಿಶಿಂಗ್ ಪಾಲಿಶ್, ಕೈಯಿಂದ. ಆಮೇಲೆ ಪಾರದರ್ಶಕ ಫಿಲ್ಮ್ ಅಂಟಿಸಿಕೊಂಡರೆ ಬಳ್ಳಾರಿಯಲ್ಲಿ ನೆಮ್ಮದಿ.

ಹೆಡ್‌ಲೈಟ್ ಕೂಡ ಪ್ಲಾಸ್ಟಿಕ್ ಅಲ್ವಾ, ಅದೇ ಮೆಷಿನ್‌ನಲ್ಲಿ ಮಾಡಲಾ?

ಅದು ಪಾಲಿಕಾರ್ಬೊನೇಟ್, ಮೇಲೆ ಬಿಸಿಲು ತಡೆಯುವ ಕೋಟಿಂಗ್ ಇರುತ್ತದೆ. ಹಳದಿಯಾಗಿಲ್ಲ ಅಂದರೆ ಮುಟ್ಟಬೇಡಿ. ಹಳದಿಯಾಗಿದ್ದು ಪಾಲಿಶ್ ಮಾಡಿದಿರಿ ಅಂದರೆ ಆ ಕೋಟಿಂಗ್ ಹೋಯಿತು, ಮತ್ತೆ ಯುವಿ ಕೋಟಿಂಗ್ ಹಾಕದಿದ್ದರೆ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಅಂಗಡಿಗೆ ಕೊಡುವಾಗ ಏನು ಕೇಳಬೇಕು?

ಎರಡೇ ಪ್ರಶ್ನೆ. ‘ಬಂಪರಿಗೆ ಯಾವ ಪ್ಯಾಡ್ ಹಾಕುತ್ತೀರಿ?’ ಅಂತ ಕೇಳಿ. ‘ಎಲ್ಲಕ್ಕೂ ಒಂದೇ’ ಅಂದರೆ ಕಾರು ತಿರುಗಿಸಿ. ಎರಡನೆಯದು, ಚಿಕ್ಕ ಮೆಷಿನ್ ಇದೆಯಾ ತೋರಿಸಿ ಅನ್ನಿ. ಕೊಡುವ ಮುಂಚೆ ನಾಲ್ಕು ಮೂಲೆಯ ಫೋಟೋ ತೆಗೆದಿಟ್ಟುಕೊಳ್ಳಿ, ನನ್ನ ಹತ್ತಿರ ಬಂದರೂ ಸರಿ.

ಎಲ್ಲ ಓದುವ ಮುಂಚೆಯೇ ಸುಟ್ಟುಬಿಟ್ಟೆ. ಈಗ ಏನು ಮಾಡಲಿ?

ಮೊದಲು ನಿಲ್ಲಿಸಿ. ಸುತ್ತಲಿನ ಜಾಗ ತಿಕ್ಕಿ ಸುಟ್ಟ ಜಾಗಕ್ಕೆ ಹೊಂದಿಸಲು ಹೋಗಬೇಡಿ, ಕಾಳಿನಷ್ಟು ಇದ್ದದ್ದು ರೊಟ್ಟಿಯಷ್ಟು ಆಗುತ್ತದೆ. ಪೂರ್ತಿ ಆರಲು ಬಿಡಿ, ಉಗುರಿನಿಂದ ಸುಕ್ಕು ಕೀಳಬೇಡಿ. ಕ್ಲಿಯರ್ ಮಾತ್ರ ಹೋಗಿ ಕೆಳಗಿನ ಬಣ್ಣ ಉಳಿದಿದ್ದರೆ, ಸದ್ಯಕ್ಕೆ ಮೇಣ ಹಚ್ಚಿದರೆ ಸ್ವಲ್ಪ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಪ್ಲಾಸ್ಟಿಕ್ ಕಂಡಿದ್ದರೆ ಆ ಭಾಗಕ್ಕೆ ಪೇಂಟೇ ಗತಿ. ಒಂದು ಸಮಾಧಾನ ಅಂದರೆ ಮಿರರ್ ಕವರ್ ಬಿಚ್ಚಿ ಕೊಡಬಹುದು, ಬಂಪರ್ ಕೂಡ ಬಿಚ್ಚಬಹುದು, ಬಾಗಿಲಿನ ಥರ ಪಕ್ಕದ ಪ್ಯಾನೆಲ್‌ವರೆಗೆ ಬಣ್ಣ ಎಳೆಯುವ ತಲೆನೋವು ಕಡಿಮೆ. ಪೇಂಟರ್ ಹತ್ತಿರ ಹೋದಾಗ ಅಢೀಶನ್ ಪ್ರೊಮೋಟರ್ ಹಾಕುತ್ತೀರಾ ಅಂತ ಕೇಳಿ. ಮುಖ ನೋಡಿದರೇ ಉತ್ತರ ಸಿಗುತ್ತದೆ.